ಹಿಂದಿನ ಚಕ್ರದ ತಕರಾರು

ಸೊಟ್ಟಗಿರುವುದನ್ನು ಸೊಟ್ಟ ಎಂದು ಹೇಳುವುದಕ್ಕೆ ಸರಕಾರ ನನಗೆ ಸಂಬಳ ಕೊಡುತ್ತದೆ. ಅಂಕೋಲೆಯಲ್ಲಿ ಭೂಮಾಪಕನಾಗಿದ್ದೇನೆ, ಜನ ಕರೆಯುವುದು ‘ಸರ್ವೆ ಸಾಯಬ್ರು’ ಎಂದು. ಅಣ್ಣನ ಬೇಲಿ ತಮ್ಮನ ಹಿತ್ತಲಿಗೆ ಒಂದು ಗೇಣು ನುಗ್ಗಿದೆ ಎಂಬ ತಕರಾರು ಎದ್ದ ದಿನ ನಾನು ಟೇಪು, ಸರಪಳಿ, ಕೆಂಪು ಬಿಳಿ ಬಣ್ಣದ ಕೋಲು ಹಿಡಿದು ಅಲ್ಲಿ ಹಾಜರಾಗಬೇಕು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕಿರಿದು ಮಾಡಿ ನಾನು ಬೇಲಿಯ ಉದ್ದಕ್ಕೂ ನೋಡುವಾಗ ಎರಡೂ ಕಡೆಯವರು ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆ ಹೊತ್ತಿನಲ್ಲಿ ನಾನು ಕೆಮ್ಮಿದರೂ ಅದಕ್ಕೊಂದು ಅರ್ಥ ಹುಡುಕುತ್ತಾರೆ. ವರ್ಷಗಟ್ಟಲೆ ಇಂಥ ಮರ್ಯಾದೆ ಸಿಕ್ಕಿದರೆ ಮನುಷ್ಯನಿಗೆ ತನ್ನ ಕಣ್ಣಿನ ಮೇಲೆ ಒಂದು ನಮೂನೆಯ ಭಕ್ತಿಯೇ ಹುಟ್ಟಿಬಿಡುತ್ತದೆ. ಆ ಭಕ್ತಿ ಸಂಜೆ ನನ್ನ ಜೊತೆ ಮನೆಗೂ ಬರುತ್ತದೆ. ಗೋಡೆಯ ಕ್ಯಾಲೆಂಡರು, ಹಗ್ಗದ ಮೇಲೆ ಒಣಗಿಸಿದ ಪಂಚೆ, ಊಟಕ್ಕೆ ಹಾಕಿದ ಬಾಳೆಲೆ, ಯಾವುದೂ ನನ್ನ ತಪಾಸಣೆಯಿಂದ ತಪ್ಪಿಸಿಕೊಂಡದ್ದಿಲ್ಲ. ಮನೆಯಲ್ಲಿ ಇದನ್ನು ಕಾಯಿಲೆ ಎಂದು ಕರೆಯುತ್ತಾರೆ, ನಾನು ಕಸುಬು ಎನ್ನುತ್ತೇನೆ. ಇಂಥ ನಾನು ತಿಂಗಳುಗಟ್ಟಲೆ ಅಂಕೋಲೆಗೂ ಕಾರವಾರಕ್ಕೂ ನಡುವೆ ಓರೆಯಾಗಿ ಓಡುವ ಕಾರಿನಲ್ಲಿ ಕೂತು ಓಡಾಡಿದೆ ಎಂಬ ಸುದ್ದಿ ಹೇಗೂ ಹೆಂಡತಿಯ ತವರಾದ ಮಾಜಾಳಿಯ ತನಕ ಹಬ್ಬಿದೆ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ನನ್ನ ಹೆಂಡತಿ ಶಾಲಿನಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕಡೆ ಟೀಚರಮ್ಮನಿಗೆ ‘ಅಕ್ಕೋರು’ ಎನ್ನುತ್ತಾರೆ. ಅಕ್ಕೋರಿಗೆ ಈ ವರ್ಷ ರಾಮನಗುಳಿಯ ಒಳಗಿನ ಒಂದು ಶಾಲೆಗೆ ವರ್ಗವಾಯಿತು. ಅಂಕೋಲೆಯಿಂದ ಯಲ್ಲಾಪುರದ ರಸ್ತೆ ಹಿಡಿದು ಹೋಗಬೇಕು. ಆ ರಸ್ತೆಯಲ್ಲಿ ಬಸ್ಸುಗಳಿಗೇನೂ ಕೊರತೆಯಿಲ್ಲ, ಆದರೆ ಹುಬ್ಬಳ್ಳಿಯ ಕಡೆ ಮುಖ ಮಾಡಿದ ಬಸ್ಸಿಗೆ ನಡುವಿನ ಊರುಗಳು ಕಣ್ಣಿಗೆ ಬೀಳುವುದಿಲ್ಲ. ನಿಲ್ಲುವ ಬಸ್ಸು ತಲುಪುವಷ್ಟರಲ್ಲಿ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಹಾಜರಿಯೂ ಆಗಿರುತ್ತದೆ. ಮಳೆಗಾಲದಲ್ಲಿ ಲಾರಿಗಳ ಸಾಲಿನ ನಡುವೆ ಸ್ಕೂಟರು ಹೊಡೆಯುವುದು ಬೇಡವೇ ಬೇಡ ಎಂದು ಅವಳ ತಾಯಿ ಆಣೆ ಹಾಕಿಸಿದ್ದರು. ಉಳಿದದ್ದು ಎರಡೇ ದಾರಿ. ಜೂನಿನಲ್ಲಿ ಶಾಲೆ ಶುರುವಾಗುವುದರೊಳಗೆ ಅವಳು ಕಾರು ಕಲಿತು ಲೈಸೆನ್ಸು ಪಡೆಯಬೇಕು. ಇಲ್ಲವಾದರೆ ರಾಮನಗುಳಿಯಲ್ಲೇ ಒಂದು ಕೋಣೆ ಹಿಡಿದು ವಾರವಿಡೀ ಅಲ್ಲಿದ್ದು ಶನಿವಾರ ಮನೆಗೆ ಬರಬೇಕು. ಅವಳಿಲ್ಲದ ಮನೆಯಲ್ಲಿ ನಾನೊಬ್ಬನೇ ಕೂತು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತ ಸಂಜೆ ಕಳೆಯುವುದು ನನಗೆ ಬೇಕಿರಲಿಲ್ಲ. ಅವಳಿಗೂ ಆ ಕೋಣೆಯ ಮಾತು ಬಂದರೆ ಮುಖ ಸಣ್ಣದಾಗುತ್ತಿತ್ತು. ಹಾಗಾಗಿ ಕಾರು ಕಲಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ.

ಬೆಳಿಗ್ಗೆ ಬೇಗ ಬೇಲೇಕೇರಿಯ ಕಡೆಯ ರಸ್ತೆಯಲ್ಲಿ ನಮ್ಮ ಪಾಠ. ಅವಳು ಬಲಗಡೆ, ನಾನು ಎಡಗಡೆ. ಗೇರು, ಕ್ಲಚ್ಚು, ಬ್ರೇಕು ಎಲ್ಲವನ್ನೂ ಅವಳು ಬೇಗ ಹಿಡಿದಳು. ಆದರೆ ಕಾರು ಮಾತ್ರ ನೆಟ್ಟಗೆ ಹೋಗಲೊಲ್ಲದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೆಲ್ಲಗೆ ಎಡಕ್ಕೆ ವಾಲಿ ರಸ್ತೆಯಂಚಿನ ಮಣ್ಣು ಮುಟ್ಟುತ್ತಿತ್ತು. “ಬಲಕ್ಕೆ! ಬಲಕ್ಕೆ!” ಎಂದು ನಾನು ಕೂಗುತ್ತಿದ್ದೆ. ಬೆಳಗಿನ ವಾಕಿಂಗಿಗೆ ಬಂದವರು ಇದು ಯಾವುದೋ ಪಕ್ಷದ ಪ್ರಚಾರ ಇರಬೇಕು ಎಂದುಕೊಂಡಿರಬಹುದು.

“ನೀನು ಎಡಕ್ಕೆ ತಿರುಗಿಸ್ತಾ ಇದ್ದೀಯ ಮಾರಾಯ್ತಿ.”

“ನಾ ಎಲ್ಲೂ ತಿರ್ಗಸ್ತಾ ಇಲ್ಲ. ನೆಟ್ಟಗೆ ಹಿಡ್ಕಂಡೇ ಇದ್ದೆ. ಕಾರೇ ಹೋಗ್ತದೆ.”

“ಕಾರು ತಾನಾಗೇ ಹೋಗೂಕೆ ಅದೇನು ದನವಾ? ನಾನು ಹೊಡೆಯುವಾಗ ಯಾಕೆ ಹೋಗೂದಿಲ್ಲ?”

ಉತ್ತರವಿಲ್ಲದ ಪ್ರಶ್ನೆ ಕೇಳುವುದರಲ್ಲಿ ಗಂಡಸರಿಗೆ ಸಿಗುವ ಸುಖವೇ ಬೇರೆ. ಆ ಸುಖದಲ್ಲಿ ನಾನು ಒಂದು ಸಿದ್ಧಾಂತವನ್ನೂ ಮಂಡಿಸಿದೆ. ದಿನಾ ತೆಂಗಿನಕಾಯಿ ತುರಿಯುವ ಹೆಂಗಸರ ಕೈ ಕಾಯಿಯ ಕಡಿಯನ್ನು ತಿರುಗಿಸಿ ತಿರುಗಿಸಿ ಅದೇ ರೂಢಿಯಾಗಿರುತ್ತದೆ, ಸ್ಟೇರಿಂಗು ಸಿಕ್ಕಿದರೆ ಅದನ್ನೂ ಹಾಗೆಯೇ ಅರಿವಿಲ್ಲದೆ ತಿರುಗಿಸುತ್ತಾರೆ ಎಂದು. ಶಾಲಿನಿ ಕಾರು ನಿಲ್ಲಿಸಿ, ಇಂಜಿನ್ನು ಆರಿಸಿ, ಸಮಾಧಾನವಾಗಿ ಹೇಳಿದಳು: “ಹಂಗಾರೆ ಒಂದ್ ವಾರ ಕಾಯಿ ನೀವೇ ತುರೀರಿ. ನಿಮ್ ಕೈ ಯಾವ್ ಬದಿಗೆ ಹೋಗ್ತದೆ ನೋಡ್ವಾ.” ಶಿಕ್ಷಕಿಯ ಮುಂದೆ ಸಿದ್ಧಾಂತ ಮಂಡಿಸಿದರೆ ಪ್ರಯೋಗವನ್ನೂ ಮಾಡಿ ತೋರಿಸಬೇಕಾಗುತ್ತದೆ. ಒಂದು ವಾರ ಹೊತ್ತು ಹೊತ್ತಿನ ಮೀನಿನ ಸಾರಿಗೆ ನಾನೇ ಕಾಯಿ ತುರಿದೆ. ಬೆರಳಿಗೆ ಗಾಯವಾಯಿತೇ ಹೊರತು ನನ್ನ ಡ್ರೈವಿಂಗಿನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಸಿದ್ಧಾಂತವನ್ನು ಸದ್ದಿಲ್ಲದೆ ಹಿಂತೆಗೆದುಕೊಂಡೆ. ಆದರೆ ತೀರ್ಪನ್ನು ಬದಲಾಯಿಸಲಿಲ್ಲ: ಓರೆಯಿರುವುದು ಅವಳ ಕೈ.

ಇಲ್ಲೊಂದು ಮಾತು ಹೇಳಬೇಕು. ನಾನು ಕಾರು ಹೊಡೆಯುವಾಗ ಸ್ಟೇರಿಂಗಿನ ನಡುವೆ ಇರುವ ಕಂಪನಿಯ ಮುದ್ರೆ ಸ್ವಲ್ಪ ಬಲಕ್ಕೆ ವಾಲಿರುತ್ತಿತ್ತು. ಗೋಡೆಯ ಕ್ಯಾಲೆಂಡರು ಕೂದಲೆಳೆಯಷ್ಟು ಓರೆಯಾದರೆ ಎದ್ದು ಹೋಗಿ ಸರಿಮಾಡುವ ನನಗೆ ಎದೆಯ ಮುಂದೆಯೇ ಇರುವ ಇದು ಕಾಣದೆ ಇರಲಿಲ್ಲ. ಕಂಡಿತ್ತು. ಆದರೆ ಅದನ್ನು ನಾನು ಕಾರಿನ ಒಂದು ಶೈಲಿ ಎಂದುಕೊಂಡಿದ್ದೆ. ಸಿನಿಮಾದ ನಾಯಕರು ಟೋಪಿಯನ್ನು ಸ್ವಲ್ಪ ಓರೆಯಾಗಿ ಇಡುವುದಿಲ್ಲವೇ, ಹಾಗೆ. ಶಾಲಿನಿ ಅದನ್ನೂ ತೋರಿಸಿದ ಮೇಲೆ, ಅವಳ ಬಾಯಿ ಮುಚ್ಚಿಸಲೆಂದೇ ಒಂದು ದಿನ ಕಾರವಾರದಲ್ಲಿ ಒಂದು ಅಂಗಡಿಗೆ ಹೋಗಿ ಚಕ್ರಗಳ ಅಲೈನ್‌ಮೆಂಟು ಮಾಡಿಸಿದೆ. ಕಂಪ್ಯೂಟರಿನ ಪರದೆಯ ಮೇಲೆ ಮುಂದಿನ ಎರಡು ಚಕ್ರಗಳೂ ಹಸಿರು ಬಣ್ಣಕ್ಕೆ ತಿರುಗಿದವು. “ಹಿಂದಿನ ಚಕ್ರ?” ಎಂದು ಬಾಯಿಮಾತಿಗೆ ಕೇಳಿದೆ. “ಹಿಂದಿಂದು ಕಂಪನಿಯಲ್ಲೇ ಫಿಕ್ಸ್. ಅದಕ್ಕೆ ಎಂತದೂ ಆಗೂದಿಲ್ಲ” ಎಂದರು ಅಂಗಡಿಯವರು. ವಾಪಸು ಬರುವಾಗ ಅಮದಳ್ಳಿ ದಾಟುವಷ್ಟರಲ್ಲಿ ಮುದ್ರೆ ಮತ್ತೆ ಟೋಪಿ ಓರೆ ಮಾಡಿಕೊಂಡಿತ್ತು. ನಾನು ಅದನ್ನು ನೋಡದವನಂತೆ ಸಮುದ್ರದ ಕಡೆ ನೋಡಿದೆ.

ಹಿಂದಿನ ಚಕ್ರಗಳ ಬಾಳೇ ಅಷ್ಟು. ಮುಂದಿನವಕ್ಕೆ ಸ್ಟೇರಿಂಗಿದೆ, ಇಂಜಿನ್ನಿನ ಸಹವಾಸವಿದೆ, ಕಾರು ಪೂಜೆಯ ದಿನ ಲಿಂಬೆಹಣ್ಣು ಕೂಡ ಮುಂದಿನ ಚಕ್ರದ ಅಡಿಗೇ. ಹಿಂದಿನವು ಹೇಳಿದಲ್ಲಿಗೆ ತೆಪ್ಪಗೆ ಉರುಳಿಕೊಂಡು ಬರಬೇಕು. ಅವಕ್ಕೂ ಒಂದು ಅಭಿಪ್ರಾಯ ಇರಬಹುದು, ಅವು ಬೇರೆ ದಿಕ್ಕಿಗೆ ಮುಖ ಮಾಡಿ ಕೂತಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ನಾನಂತೂ ಯೋಚಿಸಿರಲಿಲ್ಲ.

ಲೈಸೆನ್ಸಿನ ಪರೀಕ್ಷೆಗೆ ಕಾರವಾರದಲ್ಲಿ ದಿನ ನಿಗದಿಯಾಯಿತು. ಅದಕ್ಕೆ ಎರಡು ದಿನ ಮೊದಲೇ ನಾವು ಮಾಜಾಳಿಗೆ, ಶಾಲಿನಿಯ ತವರಿಗೆ ಹೋದೆವು. ಅವರದು ಮೀನುಗಾರರ ಮನೆ. ಅವಳ ತಮ್ಮ ದತ್ತಾ ದೋಣಿ, ಬಲೆ ನೋಡಿಕೊಂಡಿದ್ದಾನೆ. ಮನೆಯಲ್ಲಿ ಕೊಂಕಣಿ ಮಾತು. ಅವರೆಲ್ಲ ಸೇರಿ ಜೋರಾಗಿ ನಕ್ಕರೆ ಅದು ನನ್ನ ಬಗ್ಗೆಯೇ ಇರಬೇಕು ಎಂದು ನಾನು ಮದುವೆಯಾದಂದಿನಿಂದ ತಿಳಿದುಕೊಂಡಿದ್ದೇನೆ, ಈ ತನಕ ತಪ್ಪಾಗಿಲ್ಲ. ಆ ರಾತ್ರಿ ಊಟವಾದ ಮೇಲೆ ಶಾಲಿನಿ, “ಈ ಕಾರಲ್ಲಿ ನಾ ಪರೀಕ್ಷೆಗೆ ಹೋದ್ರೆ ಫೇಲೇ. ರಾಮನಗುಳೀಲಿ ರೂಮು ನೋಡೂದೇ ಸೈ” ಎಂದಳು. ಜಗಳದ ದನಿಯಿರಲಿಲ್ಲ. ಅದೇ ನನಗೆ ಹೆಚ್ಚು ತಾಗಿತು. ಆಮೇಲೆ ಅವಳೇ ಒಂದು ಉಪಾಯ ಹೇಳಿದಳು: “ನಾಳೆ ನೀರು ಇಳ್ದಾಗ ಒದ್ದೆ ಹೊಯ್ಗೆ ಮೇಲೆ ನೀವೇ ಕಾರು ಹೊಡೀರಿ. ನಾ ಒಳಗೆ ಕೂರೂದೇ ಇಲ್ಲ. ಆಮೇಲೆ ನನ್ ಕೈ ಹೇಳಿ ಹೇಳೂಕೆ ಆಗೂದಿಲ್ಲ ಅಲಾ?”

ಕಡಲದಂಡೆಯಲ್ಲಿ ಬೆಳೆದವಳು. ಹೊಯ್ಗೆಯ, ಅಂದರೆ ಮರಳಿನ ಮೇಲಿನ ಗುರುತು ನೋಡಿ ಯಾವ ದೋಣಿಯನ್ನು ಎಳೆದದ್ದು, ಯಾವ ನಾಯಿ ಓಡಿದ್ದು ಎಂದು ಹೇಳಬಲ್ಲವಳು. ನನಗಾದರೋ ಇದು ಗೆದ್ದ ಪಂದ್ಯದ ಹಾಗೆ ಕಂಡಿತು. ಬೆಳಿಗ್ಗೆ ನೀರು ಇಳಿದು ದಂಡೆ ಸಿಮೆಂಟು ನೆಲದಂತೆ ಗಟ್ಟಿಯಾಗಿ ಒದ್ದೆಯಾಗಿತ್ತು. ದೂರದಲ್ಲಿ ನಿಂತ ದೋಣಿಯೊಂದನ್ನು ಗುರಿಯಾಗಿ ಇಟ್ಟುಕೊಂಡು, ಒಂದು ಕಣ್ಣು ಕಿರಿದು ಮಾಡಿ, ಹೊಲದ ಗಡಿ ಎಳೆಯುವ ಶ್ರದ್ಧೆಯಿಂದ ಕಾರು ಓಡಿಸಿದೆ. ಇಷ್ಟು ನೇರವಾಗಿ ನಾನು ಜೀವಮಾನದಲ್ಲೇ ಓಡಿಸಿರಲಿಲ್ಲ. ಇಳಿದು ಹೆಮ್ಮೆಯಿಂದ ಹಿಂತಿರುಗಿ ನೋಡಿದೆ.

ನೇರವಾಗಿ ಹೋಗುವ ಕಾರಿನ ಹಿಂದಿನ ಚಕ್ರ ಮುಂದಿನ ಚಕ್ರದ ಗುರುತನ್ನೇ ತುಳಿದುಕೊಂಡು ಬರಬೇಕು. ಮರಳಿನ ಮೇಲೆ ಎರಡೇ ಗೆರೆ ಉಳಿಯಬೇಕು. ಅಲ್ಲಿ ನಾಲ್ಕು ಗೆರೆಗಳಿದ್ದವು. ಮುಂದಿನ ಚಕ್ರಗಳದ್ದು ಎರಡು, ಅವುಗಳ ಪಕ್ಕದಲ್ಲೇ ಬಲಕ್ಕೆ ಸರಿದು ಹಿಂದಿನ ಚಕ್ರಗಳದ್ದು ಇನ್ನೆರಡು. ಅಷ್ಟು ಹೊತ್ತಿಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಗೆರೆಗಳನ್ನು ನೋಡಿ ನಿಂತು, “ಇಲ್ಲಿ ಎರಡ್ ಗಾಡಿ ಹೋಯ್ತಾ?” ಎಂದು ಕೇಳಿದಳು.

“ಇಲ್ಲ ಮಾವಶಿ, ಒಂದೇ” ಎಂದಳು ಶಾಲಿನಿ, ನನ್ನ ಕಡೆ ನೋಡದೆ.

ನಮ್ಮ ಜೊತೆ ಬಂದಿದ್ದ ದತ್ತಾ ಮರಳ ಮೇಲೆ ಕುಕ್ಕರಗಾಲಲ್ಲಿ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡ. “ಭಾವೋಜಿ, ನಿಮ್ ಗಾಡಿ ಕುರ್ಲಿ ನಡ್ದಂಗೆ ನಡೀತದಲ್ರೀ! ಮುಖ ಒಂದ್ ಬದಿಗೆ, ಹೋಗೂದು ಒಂದ್ ಬದಿಗೆ.” ಕುರ್ಲಿ ಎಂದರೆ ಏಡಿ. ಆ ಕೇರಿಯಲ್ಲಿ ಏಡಿಯ ನಡಿಗೆ ಗೊತ್ತಿಲ್ಲದವರು ಯಾರೂ ಇಲ್ಲವಾದ್ದರಿಂದ ಈ ಹೋಲಿಕೆ ಮಧ್ಯಾಹ್ನದೊಳಗೆ ಮನೆಮನೆಗೂ ತಲುಪಿತು.

ನಾನು ಸುಮ್ಮನಿರಲಿಲ್ಲ. ಕಾರಿನ ಡಿಕ್ಕಿಯಲ್ಲಿ ನನ್ನ ಟೇಪು ಇದ್ದೇ ಇರುತ್ತದೆ. ದತ್ತಾನ ಅಂಗಳದಲ್ಲಿ ಕಾರು ನಿಲ್ಲಿಸಿ ಎಡಬದಿಯ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆದೆ. ಆಮೇಲೆ ಬಲಬದಿಯದನ್ನು. ಬಲಬದಿಯ ಅಂತರ ಹೆಬ್ಬೆರಳ ದಪ್ಪದಷ್ಟು ಹೆಚ್ಚು ಬಂತು. ಬಲೆ ಹೆಣೆಯುವ ನೈಲಾನು ದಾರವನ್ನು ಕಾರಿನ ಎರಡೂ ಬದಿಗೆ ಬಿಗಿಯಾಗಿ ಕಟ್ಟಿ, ದಾರದಿಂದ ಚಕ್ರದ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ಅಂತರ ನೋಡಿದೆ. ಹಿಂದಿನ ಚಕ್ರಗಳೆರಡೂ ಒಟ್ಟಾಗಿ, ಬೇಲಿಯಾಚೆ ಇಣುಕುವ ನೆರೆಯವರಂತೆ, ಬಲಕ್ಕೆ ಮುಖ ಮಾಡಿದ್ದವು. ಆ ಎರಡು ಚಕ್ರಗಳನ್ನು ಸೇರಿಸುವ ಅಡ್ಡ ಕಬ್ಬಿಣ, ಅಂದರೆ ಇಡೀ ಹಿಂದಿನ ಎಕ್ಸಲ್ಲೇ ಬಲಗಡೆ ಹಿಂದಕ್ಕೆ ಸರಿದು ಓರೆಯಾಗಿ ಕೂತಿದೆ ಎಂಬುದು ಸ್ಪಷ್ಟವಾಯಿತು. ಅಳೆಯುವ ಕೆಲಸ ಸಿಕ್ಕಿದ್ದೇ ನನಗೆ ಉತ್ಸಾಹ ಉಕ್ಕಿ ಬಂದು, “ನೋಡು, ನಿನ್ನ ಕೈಯಲ್ಲಿ ದೋಷವಿಲ್ಲ. ಎಕ್ಸಲ್ಲಿನ ದೋಷ. ಅದು ಕಾರನ್ನು ಎಡಕ್ಕೆ ತಿರುಗಿಸ್ತದೆ. ನಾನು ಗೊತ್ತಿಲ್ಲದೇ ಸ್ಟೇರಿಂಗು ಬಲಕ್ಕೆ ಹಿಡಿದು ಸರಿ ಮಾಡ್ತಿದ್ದೆ” ಎಂದು ಶಾಲಿನಿಗೆ ವಿವರಿಸತೊಡಗಿದೆ. ಇದನ್ನೆಲ್ಲ ನಾನೇ ಕಂಡುಹಿಡಿದೆ ಎಂಬ ಧ್ವನಿಯಲ್ಲಿ ವಿವರಿಸಿದೆ ಎಂದು ಆಮೇಲೆ ದತ್ತಾ ಹೇಳಿದ. ಶಾಲಿನಿ ಕೈಕಟ್ಟಿ ನಿಂತು ಪೂರ್ತಿ ಕೇಳಿ, “ಹೌದಾ?” ಎಂದಳು. ಅಷ್ಟೇ.

ಪರೀಕ್ಷೆ ಮರುದಿನ ಬೆಳಿಗ್ಗೆ. ಬೇರೆ ಕಾರು ಕೇಳೋಣವೆಂದರೆ ಅವಳು ಒಪ್ಪಲಿಲ್ಲ; ಅವಳ ಕಾಲು ಈ ಕಾರಿನ ಕ್ಲಚ್ಚಿಗೆ ಒಗ್ಗಿತ್ತು. ಕಾರವಾರದ ಕೋಡಿಬಾಗದಲ್ಲಿ ಇನಾಸ್ ಮೇಸ್ತ್ರಿಯ ಗ್ಯಾರೇಜು ಇದೆ ಎಂದು ದತ್ತಾ ಕಳಿಸಿದ. ಇನಾಸ್ ಮೇಸ್ತ್ರಿ ಒಳ್ಳೆಯ ಕೆಲಸಗಾರ, ಆದರೆ ಆ ಸಂಗತಿಯನ್ನು ಬೇರೆಯವರು ಹೇಳಲು ಅವರು ಅವಕಾಶ ಕೊಡುವುದಿಲ್ಲ. ನಾವು ಹೋದ ತಕ್ಷಣ ಕಾರಿನ ಸುತ್ತ ಒಂದು ಸುತ್ತು ಬಂದು, “ಗೋವಾದಿಂದ ಗಾಡಿ ಬರ್ತದೆ ನನ್ ಹತ್ರ. ಪಣಜಿಯವ್ರು ಕೈ ಬಿಟ್ಟದ್ದು ನಾ ಮಾಡಿ ಕಳ್ಸಿದ್ದೆ” ಎಂದರು. ಆಮೇಲೆ ಗಡಿಯಾರ ನೋಡಿ, “ಊಟದ ಹೊತ್ತು. ನಾಲ್ಕಕ್ಕೆ ಬನ್ನಿ” ಎಂದರು. ಕಾರವಾರದಲ್ಲಿ ಊಟ ಎಂದರೆ ಊಟ ಮತ್ತು ನಿದ್ದೆ. ಮಧ್ಯಾಹ್ನದ ಮೀನು ಸಾರು ಅನ್ನ ಉಂಡವನನ್ನು ನಾಲ್ಕರ ಮೊದಲು ಎಬ್ಬಿಸುವ ಧೈರ್ಯ ಈ ಊರಲ್ಲಿ ಯಾರಿಗೂ ಇಲ್ಲ. ಮರುದಿನ ಹೆಂಡತಿಯ ಪರೀಕ್ಷೆ ಎಂದು ಗೋಗರೆದೆ. “ಅದ್ಕೇ ಹೇಳೂದು ಸಾಯಬ್ರೆ. ನಿದ್ದೆ ಇಲ್ದೆ ಕೆಲ್ಸ ಮಾಡಿದ್ರೆ ಅಕ್ಕೋರು ಫೇಲಾಗ್ತ್ರು” ಎಂದು ಅವರು ಶಟರು ಎಳೆದೇಬಿಟ್ಟರು.

ನಾಲ್ಕಕ್ಕೆ ಇನಾಸ್ ಮೇಸ್ತ್ರಿ ಮುಖ ತೊಳೆದು ಬಂದು ಕಾರನ್ನು ಎತ್ತಿ, ಅಡಿಯಲ್ಲಿ ಮಲಗಿ, ಟಾರ್ಚು ಹಾಕಿ ನೋಡಿದರು. ಅಡಿಯಿಂದಲೇ ಕೇಳಿದರು: “ಸಾಯಬ್ರೆ, ಈ ಗಾಡಿಯಿಂದ ಎಂತಾರೂ ಎಳ್ದಿದ್ರಾ?”

ನಿಜ ಹೇಳುತ್ತೇನೆ, ಆ ಪ್ರಶ್ನೆ ಕೇಳಿ ನನಗೆ ಖುಷಿಯಾಯಿತು. ಏಕೆಂದರೆ ನನ್ನ ಬಳಿ ಒಂದು ಕಥೆಯಿತ್ತು. ಕಳೆದ ಚಳಿಗಾಲದಿಂದ ಮದುವೆ, ಮುಂಜಿ, ಕಚೇರಿಯ ಚಹಾ, ಎಲ್ಲಿ ನಾಲ್ಕು ಜನ ಸಿಕ್ಕರೂ ನಾನು ಹೇಳುತ್ತಿದ್ದ ಕಥೆ ಅದು. ಇನಾಸ್ ಮೇಸ್ತ್ರಿಗೂ ಮೊದಲಿನಿಂದ ಶುರುಮಾಡಿದೆ. ಆ ದಿನ ಮಾಜಾಳಿಯಲ್ಲಿ ರಂಪಣಿ ಹಾಕಿದ್ದರು. ರಂಪಣಿ ಎಂದರೆ ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧ ಸುತ್ತು ಬಿಡುವ ಭಾರೀ ಬಲೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ನಿಂತ ಜನ ಎರಡು ಸಾಲಾಗಿ ಎಳೆದು ತರಬೇಕು. ಅಲ್ಲಿಯ ಪದ್ಧತಿಯೆಂದರೆ, ದಾರಿಹೋಕನೇ ಇರಲಿ, ಹಗ್ಗಕ್ಕೆ ಕೈ ಹಚ್ಚಿದವನಿಗೆ ಮೀನಿನ ಪಾಲು ಉಂಟು. ಕೈ ಹಚ್ಚದೆ ನೋಡುತ್ತ ನಿಂತವನಿಗೆ ಮರ್ಯಾದೆ ಇಲ್ಲ. ಅಂದು ಜನ ಕಮ್ಮಿ. ಹುಡುಗರೆಲ್ಲ ಕೆಲಸಕ್ಕೆಂದು ಗೋವಾ ಬಸ್ಸು ಹತ್ತಿದ್ದರು. ನಾನೂ ಕೈ ಹಚ್ಚಿದೆ. ಸರ್ವೆಯ ಕಚೇರಿಯಲ್ಲಿ ಬೆಳೆಸಿದ ಹೊಟ್ಟೆ ಸ್ವಲ್ಪದರಲ್ಲೇ ಏದುಸಿರು ಬಿಟ್ಟಿತು. ಬಲೆಯೋ ಮೀನು ತುಂಬಿ ಅಲುಗಾಡದು. ಆಗ ನನಗೆ ಹೊಳೆಯಿತು: ನನ್ನಿಂದ ಆಗದಿದ್ದರೆ ನನ್ನ ಕಾರು ಕೈ ಹಚ್ಚಲಿ.

“ಹಗ್ಗ ಕಾರಿಗೆ ಕಟ್ಟಿದ್ವಿ. ಚಕ್ರದ ಅಡಿಗೆ ತೆಂಗಿನ ಗರಿ ಹಾಕಿದ್ವಿ. ನಾನು ಫಸ್ಟ್ ಗೇರಿಗೆ ಹಾಕಿ ಒತ್ತಿದೆ ನೋಡಿ! ಆ ಬದಿ ಇಪ್ಪತ್ತು ಜನ ಎಳೀತಾರೆ, ಈ ಬದಿ ನಾನೊಬ್ಬ. ಬಲೆ ಬಂತು! ದಂಡೆಯವರೆಲ್ಲ ಚಪ್ಪಾಳೆ ತಟ್ಟಿದ್ರು. ನನಗೊಂದು ಪಾಲು, ಕಾರಿಗೆ ಬೇರೆ ಒಂದು ಪಾಲು ಹೇಳಿ ಮೀನು ತೆಗೆದಿಟ್ರು!”

ಅಡಿಯಲ್ಲಿ ಟಾರ್ಚಿನ ಬೆಳಕು ಹಿಂದಿನ ಎಕ್ಸಲ್ಲಿನ ಮೇಲೆ ಒಮ್ಮೆ ಆಚೀಚೆ ಓಡಿತು.

“ಹಗ್ಗ ಎಲ್ಲಿ ಕಟ್ಟಿದ್ರಿ?”

“ಹಿಂದೆ... ಕೆಳಗೆ ಅಡ್ಡಕ್ಕೆ ಒಂದು ದಪ್ಪ ಕಬ್ಬಿಣ ಇರ್ತದಲ್ಲ...”

“ಎಳಿಯೂಕೆ ಹೇಳಿ ಹುಕ್ಕು ಬರ್ತದಲಾ ಗಾಡೀಲಿ?”

“ಅದು ಬಂಪರಿನ ಮುಚ್ಚಳದ ಒಳಗಿತ್ತು. ಮುಚ್ಚಳ ತೆಗೆದ್ರೆ ಗೀರು ಬೀಳ್ತದೆ ಹೇಳಿ...”

“ಕಬ್ಬಿಣಕ್ಕೆ ಕಟ್ಟಿದ್ದು ನಡುವಿಗಾ, ಬದಿಗಾ?”

ನನ್ನ ಕಥೆ ಅಲ್ಲಿಯವರೆಗೆ ಎಂದೂ ಈ ವಿವರಕ್ಕೆ ಇಳಿದಿರಲಿಲ್ಲ. “ಬಲಬದಿಗೆ” ಎಂದೆ.

ಇನಾಸ್ ಮೇಸ್ತ್ರಿ ಹೊರಗೆ ಜಾರಿ ಬಂದು ಎದ್ದು ಕೂತು ನನ್ನನ್ನೇ ನೋಡಿದರು. “ಮೀನು ಯಾವ್ದು?”

“ಬಂಗಡೆ.”

“ದೊಡ್ಡದಾ?”

“ದೊಡ್ಡದೇ.”

“ಹಂಗಾರೆ ಅಡ್ಡಿಲ್ಲ. ಬಂಗಡೆ ಸಲುವಾಗಿ ಆದದ್ದು” ಎಂದು ಅವರು ನನ್ನನ್ನು ಕ್ಷಮಿಸಿ ಪಾನಾ ಕೈಗೆತ್ತಿಕೊಂಡರು. ಶಾಲಿನಿ ಮಾತ್ರ ಕ್ಷಮಿಸಿದಂತೆ ಕಾಣಲಿಲ್ಲ. ಹೋಮ್‌ವರ್ಕು ಮನೆಯಲ್ಲಿ ಮರೆತು ಬಂದೆ ಎನ್ನುವ ಮಕ್ಕಳನ್ನು ಅವಳು ಹೇಗೆ ನೋಡುತ್ತಾಳೆಂದು ನನಗೆ ಅಂದು ಗೊತ್ತಾಯಿತು. “ಹಗ್ಗ ಕಟ್ಟಿದ್ದು ನಿನ್ನ ತಮ್ಮನೇ” ಎಂದೆ, ಆದಷ್ಟು ಮೆತ್ತಗೆ.

“ಹಗ್ಗ ಅವ ಕಟ್ದ. ಎಕ್ಸಲೇಟರು ಯಾರು ಒತ್ತಿದ್ದು?”

ಉತ್ತರವಿಲ್ಲದ ಪ್ರಶ್ನೆ ಕೇಳುವ ಸುಖ ಹೆಂಗಸರಿಗೂ ಇದೆ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಆ ಕಥೆಯನ್ನು ಆಮೇಲೆ ನಾನು ಯಾವ ಮದುವೆಯಲ್ಲೂ ಹೇಳಿಲ್ಲ. ಜನರೇ ಕೇಳುತ್ತಾರೆ. “ಆ ಬಲೆ ಎಳೆದ ಕಥೆ ಹೇಳಿ, ಅದರ ಮುಂದಿನ ಭಾಗ ಸಮೇತ” ಎನ್ನುತ್ತಾರೆ.

ಎಕ್ಸಲ್ಲನ್ನು ಕಾರಿನ ಮೈಗೆ ಹಿಡಿದಿಡುವ ಕಡೆ ಬೋಲ್ಟಿನ ತೂತುಗಳು ಸ್ವಲ್ಪ ಉದ್ದವಾಗಿರುತ್ತವೆ. ಬಲಬದಿಯಲ್ಲಿ ಬೋಲ್ಟು ಆ ತೂತಿನೊಳಗೇ ಜಾರಿ ಹಿಂದಕ್ಕೆ ಸರಿದಿತ್ತು. ಮೇಸ್ತ್ರಿ ಬೋಲ್ಟುಗಳನ್ನು ಸಡಿಲಿಸಿ, ಕಬ್ಬಿಣದ ಸಲಾಕೆ ಕೊಟ್ಟು ಎಕ್ಸಲ್ಲನ್ನು ಮುಂದಕ್ಕೆ ಸರಿಸಿ ಬಿಗಿದರು. ನಾನು ದಾರ ಕಟ್ಟಿ ಅಳೆದೆ. ಮುಕ್ಕಾಲು ಪಾಲು ಸರಿಯಾಗಿತ್ತು, ಕಾಲು ಪಾಲು ಓರೆ ಉಳಿದಿತ್ತು. ಅದಕ್ಕೆ ಚಕ್ರ ಕೂರುವ ಜಾಗದಲ್ಲಿ ಒಂದು ಬದಿ ದಪ್ಪ, ಒಂದು ಬದಿ ತೆಳು ಇರುವ ತಗಡಿನ ಬಿಲ್ಲೆ ಇಡಬೇಕಂತೆ. ಬಿಲ್ಲೆ ಇಟ್ಟು ಚಕ್ರ ತೊಡಿಸಿ, “ಅಳೀರಿ ಸಾಯಬ್ರೆ, ಕೂದ್ಲು ವ್ಯತ್ಯಾಸ ಬರೂದಿಲ್ಲ” ಎಂದರು. ಅಳೆದೆ. ಓರೆ ಮೊದಲಿಗಿಂತ ಹೆಚ್ಚಾಗಿತ್ತು. ಬಿಲ್ಲೆಯನ್ನು ತಿರುಗುಮುರುಗಾಗಿ ಕೂರಿಸಿದ್ದರು. ಮೇಸ್ತ್ರಿ ಎಳ್ಳಷ್ಟೂ ವಿಚಲಿತರಾಗಲಿಲ್ಲ. “ನೋಡಿ, ಬಿಲ್ಲೆಗೆ ಎಷ್ಟು ಶಕ್ತಿ ಉಂಟು ಹೇಳಿ ಈಗ ಗೊತ್ತಾಯ್ತಲಾ? ಇನ್ನು ಉಲ್ಟಾ ಹಾಕಿದ್ರೆ ಮುಗೀತು” ಎಂದರು. ತಪ್ಪು ಮಾಡಿದ ಮೇಲೆ ಹೀಗೆ ಮಾತಾಡಲು ಬರುತ್ತಿದ್ದರೆ ನನ್ನ ಸಂಸಾರ ಇನ್ನೂ ಸುಗಮವಾಗಿ ಸಾಗುತ್ತಿತ್ತು ಎಂದು ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ದೀಪ ಹಚ್ಚುವ ಹೊತ್ತಿಗೆ ದಾರದ ಅಳತೆ ಎರಡೂ ಬದಿಗೆ ಸಮ ಬಂತು. ಮುಂದಿನ ಚಕ್ರಗಳನ್ನೂ ಅದಕ್ಕೆ ಹೊಂದಿಸಿ, ಸ್ಟೇರಿಂಗಿನ ಮುದ್ರೆಯ ಟೋಪಿಯನ್ನು ನೆಟ್ಟಗೆ ಮಾಡಿದರು. ಶಾಲಿನಿ ಸ್ಟೇರಿಂಗು ಹಿಡಿದಳು, ಮೇಸ್ತ್ರಿ ಪಕ್ಕದಲ್ಲಿ ಕೂತರು. ನಾನು ರಸ್ತೆಯಂಚಿನಲ್ಲಿ ನಿಂತು ಕಾರು ಕಾಳಿ ಸೇತುವೆಯ ಕಡೆ ಹೋಗುವುದನ್ನು ಹಿಂದಿನಿಂದ ನೋಡಿದೆ. ಕಾರು ಓರೆಯಾಗಿ ಹೋದರೆ ಹಿಂದೆ ನಿಂತವನಿಗೆ ಒಂದು ಬದಿಯ ಬಾಗಿಲು ಕಾಣಬೇಕು; ಈಗ ಈ ಬದಿಯದೂ ಕಾಣಲಿಲ್ಲ, ಆ ಬದಿಯದೂ ಕಾಣಲಿಲ್ಲ. ಅವಳು ಒಂದೇ ಗೆರೆಯಲ್ಲಿ ಹೋದಳು, ಹಾಗೆಯೇ ಬಂದಳು. ಇಳಿದಾಗ ಅವಳ ಮುಖ ಅರಳಿತ್ತು. “ಇಷ್ಟ್ ಹಗೂರಾ ಕಾರು ಹೊಡೂದು?” ಎಂದಳು. ಇಷ್ಟು ದಿನ ಅವಳು ಹೊತ್ತ ಭಾರ ಎಷ್ಟೆಂದು ಆಗ ತಿಳಿದು ನನಗೆ ಪಿಚ್ಚೆನಿಸಿತು.

ಮರುದಿನ ಪರೀಕ್ಷೆಯಲ್ಲಿ ಅವಳಿಗೆ ಕಷ್ಟವೇ ಆಗಲಿಲ್ಲ. ಮುಂದಕ್ಕೆ ಹೋಗು ಎಂದರೆ ಹೋದಳು, ಕಂಬಗಳ ನಡುವೆ ಹಿಂದಕ್ಕೆ ಬಾ ಎಂದರೆ ಬಂದಳು, ಏರಿನಲ್ಲಿ ನಿಲ್ಲಿಸಿ ಜಾರದಂತೆ ಎತ್ತಿದಳು. ಬೇಲಿಯಾಚೆ ನಿಂತ ನಾನು ಮಾತ್ರ ಬೆವತು ಹೋಗಿದ್ದೆ. ಇನ್‌ಸ್ಪೆಕ್ಟರು, “ಸ್ಟೇರಿಂಗು ಚೆನ್ನಾಗಿ ಹಿಡೀತೀರಿ. ಯಾರು ಕಲಿಸಿದ್ದು?” ಎಂದು ಕೇಳಿದರಂತೆ. “ನಮ್ಮನೆಯವ್ರು” ಎಂದಳಂತೆ. ರಾಮನಗುಳಿಯ ಕೋಣೆಯ ಮಾತು ಅಲ್ಲಿಗೆ ಮುಗಿಯಿತು. ಖುಷಿಗೆ ಇಬ್ಬರೂ ಹೋಟೆಲಿಗೆ ಹೋಗಿ ಚಹಾ ಕುಡಿದು ಬನ್ಸು ತಿಂದೆವು.

ಅಂಕೋಲೆಗೆ ವಾಪಸು ಹೊರಡುವಾಗ ಕೀಲಿ ನಾನು ತೆಗೆದುಕೊಂಡೆ. ಪರೀಕ್ಷೆ ಕೊಟ್ಟು ದಣಿದಿದ್ದಾಳೆ, ಪಾಪ, ವಿಶ್ರಾಂತಿ ತೆಗೆದುಕೊಳ್ಳಲಿ ಎಂಬ ಉದಾರ ಮನಸ್ಸು. ಬಿಣಗಾ ದಾಟಿ ರಸ್ತೆ ಅಗಲವಾದದ್ದೇ ಕಾರು ಮೆಲ್ಲಗೆ ಬಲಕ್ಕೆ, ನಡುವಿನ ಡಿವೈಡರಿನ ಕಡೆ ಸರಿಯತೊಡಗಿತು. ಎಡಕ್ಕೆ ತಂದೆ. ಮತ್ತೆ ಬಲಕ್ಕೆ. ಹಿಂದಿನಿಂದ ಲಾರಿಯೊಂದು ಉದ್ದಕ್ಕೆ ಹಾರ್ನು ಹಾಕಿ ನನ್ನನ್ನು ಬೈದುಕೊಂಡು ಮುಂದೆ ಹೋಯಿತು.

“ಇನಾಸ್ ಮೇಸ್ತ್ರಿ ಎಂತ ಮಾಡಿಟ್ಟಿದ್ದಾರೆ ಮಾರಾಯ್ತಿ! ಕಾರು ಬಲಕ್ಕೆ ಎಳೀತದೆ” ಎಂದೆ.

“ಕಾರು ಎಳೀತಾ ಇಲ್ಲ. ನೀವು ಸ್ಟೇರಿಂಗು ಬಲಕ್ಕೆ ಹಿಡ್ಕಂಡಿದ್ರಿ” ಎಂದಳು.

“ನಾನು ನೆಟ್ಟಗೇ ಹಿಡಿದಿದ್ದೇನೆ!”

ಅವಳು ತೋರುಬೆರಳಿನಿಂದ ಮುದ್ರೆ ತೋರಿಸಿದಳು. ಅದು ಬಲಕ್ಕೆ ವಾಲಿತ್ತು. ಚಳಿಗಾಲದಿಂದ ಮೇ ತಿಂಗಳವರೆಗೆ ಓರೆ ಹಿಡಿದ ಕೈಗೆ ಓರೆಯೇ ನೇರವೆಂದು ರೂಢಿಯಾಗಿತ್ತು. ನೇರ ಮಾಡಿದರೆ ಹೆಗಲಿಗೆ ಏನೋ ತಪ್ಪಿದಂತಾಗುತ್ತಿತ್ತು. ಮನಸ್ಸು ಬೇರೆ ಕಡೆ ಹೋದ ಕೂಡಲೇ ಕೈ ತನ್ನಷ್ಟಕ್ಕೆ ಬಲಕ್ಕೆ ಹೋಗುತ್ತಿತ್ತು. ಅವರ್ಸಾ ತಲುಪುವಷ್ಟರಲ್ಲಿ ಶಾಲಿನಿ ಎರಡು ಸಲ “ಎಡಕ್ಕೆ, ಎಡಕ್ಕೆ” ಎಂದಿದ್ದಳು. ನನ್ನ ಹಾಗೆ ಕೂಗಿ ಅಲ್ಲ. ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸುವಾಗಿನ ದನಿಯಲ್ಲಿ. ಮೂರನೆಯ ಸಲ ಹೇಳುವ ಮೊದಲು ನಾನೇ ಕಾರನ್ನು ಬದಿಗೆ ನಿಲ್ಲಿಸಿ ಇಳಿದೆ.

ಅವಳು ಬಲಗಡೆಗೆ ಬಂದು ಕೂತು ಸೀಟು ಸರಿಮಾಡಿಕೊಳ್ಳುತ್ತಿದ್ದಳು. ನನಗೂ ಏನಾದರೂ ದೊಡ್ಡತನ ತೋರಿಸಬೇಕೆನಿಸಿತು. ಕಾರಿನ ಹಿಂದೆ ಹೋಗಿ, ಗಾಜಿನ ಮೇಲೆ ಅಂಟಿಸಿದ್ದ ಕೆಂಪು ‘ಎಲ್’ ಅಕ್ಷರವನ್ನು ಮೂಲೆಯಿಂದ ಕೀಳತೊಡಗಿದೆ. ಕನ್ನಡಿಯಲ್ಲಿ ನೋಡಿದ ಶಾಲಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಹೋಯ್, ಅದ್ನ ತೆಗೀಬೇಡಿ. ಭಾನುವಾರ ಬೇಲೇಕೇರಿ ರಸ್ತೇಲಿ ನಿಮ್ಗೆ ಬೇಕಾಗ್ತದೆ.”

ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿ, ನಾನು ಎಡಗಡೆಯ ಬಾಗಿಲು ತೆಗೆದು ಒಳಗೆ ಕೂತೆ.